ತೆಳು ವೈರಿಗೆ ಯಾವ ಕನೆಕ್ಟರ್? ಮಲ್ಪೆಯ ಒಂದು ಟ್ರಾಲ್ ಬೋಟಿನ ಪ್ರಕರಣ

ಬೋಟು ಮಲ್ಪೆ ಬಂದರಿನದು. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟು, ಮರದ ಮೈ, 24 ವೋಲ್ಟಿನ ಬ್ಯಾಟರಿ. ಮಾಲಕರು ಹೇಳಿದ ದೂರು ತೀರಾ ಸಣ್ಣದು. ವೀಲ್‌ಹೌಸ್‌ನಲ್ಲಿರುವ, ಅಂದರೆ ಬೋಟು ನಡೆಸುವ ಕೋಣೆಯಲ್ಲಿರುವ ವಿಎಚ್‌ಎಫ್ ವೈರ್‌ಲೆಸ್ ಆಗಾಗ ಬೀಪ್ ಹೊಡೆಯುತ್ತದೆ, ಒಂದು ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ಮಾತಾಡಲು ಏನೂ ತೊಂದರೆ ಇಲ್ಲ. 16ನೇ ಚಾನೆಲ್‌ನಲ್ಲಿ ಕರೆದರೆ ಬೇರೆ ಬೋಟಿನವರಿಗೆ ಸರಿಯಾಗಿಯೇ ಕೇಳುತ್ತದೆ. ಹಾಗಾಗಿ ಇಡೀ ಸೀಸನ್ ಯಾರೂ ಅದರ ಹಿಂದೆ ಬೀಳಲಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಹೊತ್ತಿಗೆ ಬೋಟು ದಡ ಸೇರಿತು. ಆಗ ಉಳಿದ ರಿಪೇರಿಗಳ ಜೊತೆ "ಇದನ್ನೂ ಒಮ್ಮೆ ನೋಡಿ" ಎಂದು ನನಗೆ ಹೇಳಿದರು.

ಬೀಪ್‌ಗೆ ಕಾರಣ ಸೆಟ್‌ನ ಪರದೆಯ ಮೇಲೇ ಬರೆದಿತ್ತು. ಜಿಪಿಎಸ್‌ನಿಂದ ಬರಬೇಕಾದ ಸ್ಥಾನ ಬರುತ್ತಿಲ್ಲ, ಅಷ್ಟೇ. ಆದರೆ ಈ "ಅಷ್ಟೇ" ಎಷ್ಟು ದೊಡ್ಡದು ಎಂದು ಸ್ವಲ್ಪ ನೋಡಿ. ಇಂಥ ಸೆಟ್‌ನಲ್ಲಿ ಒಂದು ಪುಟ್ಟ ಮುಚ್ಚಳದ ಕೆಳಗೆ ಕೆಂಪು ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ 70ನೇ ಚಾನೆಲ್‌ನಲ್ಲಿ ಬೋಟಿನ ಗುರುತಿನ ನಂಬರ್, ಅದು ಇರುವ ಅಕ್ಷಾಂಶ ರೇಖಾಂಶ, ಸಮಯ ಎಲ್ಲ ಒಟ್ಟಿಗೆ ಹೋಗುತ್ತದೆ. ಯಾರೂ ಬಾಯಿ ತೆರೆದು ಮಾತಾಡಬೇಕಾಗಿಲ್ಲ. ಜಿಪಿಎಸ್ ಮಾಹಿತಿ ಇಲ್ಲದಿದ್ದರೂ ಕರೆ ಹೋಗುತ್ತದೆ. ಆದರೆ ಎಲ್ಲಿಂದ ಎಂಬುದು ಅದರಲ್ಲಿ ಇರುವುದಿಲ್ಲ. ರಾತ್ರಿ ಹೊತ್ತು, ದಡದಿಂದ ಅಷ್ಟು ದೂರದಲ್ಲಿ, "ಯಾರೋ ಅಪಾಯದಲ್ಲಿದ್ದಾರೆ" ಎಂಬ ಸುದ್ದಿ ಮಾತ್ರ ಸಿಕ್ಕಿದರೆ ಹುಡುಕುವವರು ಎಲ್ಲಿಗೆ ಹೋಗಬೇಕು?

ಆ ಸ್ಥಾನವನ್ನು ಜಿಪಿಎಸ್‌ನಿಂದ ವೈರ್‌ಲೆಸ್‌ಗೆ ತಲುಪಿಸುವುದು ಎರಡೇ ಎರಡು ತೆಳು ವೈರು. ತಾಮ್ರದ ದಪ್ಪ ಸುಮಾರು 0.2 ಚದರ ಮಿಲಿಮೀಟರ್. ಬೋಟಿನಲ್ಲಿ ಇದಕ್ಕಿಂತ ತೆಳುವಾದ ವೈರು ಬೇರೆ ಇರಲಿಲ್ಲ. ಇದಕ್ಕೆ ಯಾವ ಕನೆಕ್ಟರ್ ಹಾಕಬೇಕು ಎಂಬ ಪ್ರಶ್ನೆಯಿಂದ ಶುರುವಾದ ಕೆಲಸ ಕೊನೆಗೆ ಬೋಟಿನ ಎಲ್ಲ ತೆಳು ವೈರುಗಳಿಗೂ ಹಬ್ಬಿತು. ಇಲ್ಲಿ ಬರೆದಿರುವುದು ಆ ಇಡೀ ಕೆಲಸದ ವಿವರ.

ತೆಳು ವೈರಿನ ಜೋಡಣೆ ಆರಿಸುವಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಆಂಪಿಯರ್ ತಡೆಯುತ್ತದೆ?" ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ವೈರುಗಳಲ್ಲಿ ಹರಿಯುವುದೇ ಅತ್ಯಲ್ಪ. ಅತಿ ಅಗ್ಗದ ಕನೆಕ್ಟರ್ ಕೂಡ ಅದನ್ನು ತಡೆಯುತ್ತದೆ. ನೋಡಬೇಕಾದ್ದು ಬೇರೆಯೇ ಇದೆ.

ಏನು ಸಿಕ್ಕಿತು

ವೀಲ್‌ಹೌಸ್‌ನ ಬಲಬದಿಯ ಕಿಟಕಿಯ ಕೆಳಗೆ ಒಂದು ಕನೆಕ್ಟರ್ ಸ್ಟ್ರಿಪ್ ಇತ್ತು. ಮನೆಯ ಸೀಲಿಂಗ್ ಫ್ಯಾನಿಗೆ ಹಾಕುತ್ತಾರಲ್ಲ, ಬಿಳಿ ಪ್ಲಾಸ್ಟಿಕ್, ಒಳಗೆ ಹಿತ್ತಾಳೆ, ಮೇಲಿಂದ ಸ್ಕ್ರೂ, ಅದೇ. ಕ್ಯಾಬಿನ್ ಲೈಟು, ಕನ್ವರ್ಟರಿನಿಂದ ಬರುವ 12 ವೋಲ್ಟು, ತಳದ ನೀರಿನ ಅಲಾರಂ, ಅದರ ಪಕ್ಕದಲ್ಲೇ ಜಿಪಿಎಸ್‌ನ ಎರಡು ತೆಳು ವೈರು, ಎಲ್ಲವೂ ಒಂದೇ ಪಟ್ಟಿಯಲ್ಲಿ ಸಾಲಾಗಿ ನಿಂತಿದ್ದವು. ಕಿಟಕಿ ಸರಿಸಿದಾಗ ಒಳಗೆ ಸಿಡಿಯುವ ಉಪ್ಪುನೀರು ನೇರವಾಗಿ ಅದರ ಮೇಲೇ ಬೀಳುತ್ತಿತ್ತು.

ಮಲ್ಟಿಮೀಟರಿನಲ್ಲಿ ನೋಡಿದರೆ ತೆಳು ವೈರು ಈ ತುದಿಯಿಂದ ಆ ತುದಿಗೆ ಬೀಪ್ ಕೊಟ್ಟಿತು. ಇಲ್ಲೇ ತುಂಬ ಜನ ಕೈಬಿಡುತ್ತಾರೆ. "ವೈರು ಸರಿ ಇದೆ, ಸೆಟ್ಟೇ ಹೋಗಿದೆ" ಎಂದು ಹೊಸ ಸೆಟ್ ತರಿಸುತ್ತಾರೆ. ಬೋಟು ದಡದ ಮೇಲೆ ಅಲ್ಲಾಡದೆ ನಿಂತಿರುವಾಗ ಬೀಪ್ ಬಂದರೆ ಅದರಿಂದ ತಿಳಿಯುವುದು ತೀರಾ ಕಡಿಮೆ. ಕೆಲವು ಹತ್ತು ಓಮ್ ರೆಸಿಸ್ಟೆನ್ಸ್ ಇದ್ದರೂ ಮೀಟರ್ ಬೀಪ್ ಹೊಡೆಯುತ್ತದೆ. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಸ್ಟ್ರಿಪ್ಪನ್ನು ಮೆಲ್ಲಗೆ ಬಡಿಯುತ್ತ ಮೀಟರ್ ನೋಡಿದೆ. ಬೀಪ್ ತುಂಡು ತುಂಡಾಯಿತು. ಎಂಜಿನ್ ಓಡುವಾಗ, ಅಲೆಗೆ ಬೋಟು ಕುಣಿಯುವಾಗ ಅಲ್ಲಿ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಸ್ಕ್ರೂ ಬಿಚ್ಚಿದ ಮೇಲೆ ಎಲ್ಲ ಸ್ಪಷ್ಟವಾಯಿತು. ಸ್ಕ್ರೂವಿನ ಮೊನೆ ನೇರವಾಗಿ ಎಳೆಗಳ ಮೇಲೆ ತಿರುಗಿ ಅರ್ಧಕ್ಕರ್ಧ ಎಳೆಗಳನ್ನು ಕಡಿದಿತ್ತು. ಉಳಿದವು ಕಪ್ಪಾಗಿದ್ದವು. ಜೊತೆಗೆ ಇನ್ನೊಂದು ವಿಷಯ ಇತ್ತು. ಎಲ್ಲ ವೈರು ಬಿಡಿಸಿ ಬರೀ ಸ್ಟ್ರಿಪ್‌ನ ಅಕ್ಕಪಕ್ಕದ ಎರಡು ಕಿವಿಗಳ (ವೈರು ಸಿಕ್ಕಿಸುವ ಹಿತ್ತಾಳೆಯ ಗೂಡುಗಳ) ಮಧ್ಯೆ ರೆಸಿಸ್ಟೆನ್ಸ್ ನೋಡಿದರೆ, ಸಂಪರ್ಕವೇ ಇರಬಾರದ ಜಾಗದಲ್ಲಿ ಮೀಟರ್ ಕಿಲೋ ಓಮ್ ಲೆಕ್ಕದಲ್ಲಿ ತೋರಿಸುತ್ತಿತ್ತು. ಉಪ್ಪು ಕುಳಿತ ಪ್ಲಾಸ್ಟಿಕ್ ಮಳೆಗಾಲದ ತೇವ ಹೀರಿ ತಾನೇ ವೈರಿನಂತೆ ಕೆಲಸ ಮಾಡುತ್ತಿತ್ತು.

ಅತ್ಯಂತ ಹಾಳಾಗಿದ್ದದ್ದು ನೀರಿನ ಅಲಾರಂನ ಪ್ಲಸ್ ವೈರು. ಅದರ ಸ್ಕ್ರೂ ಇತ್ತು, ತಾಮ್ರ ಇರಲಿಲ್ಲ. ಹಸಿರು ಕಿಲುಬು ಮಾತ್ರ ಉಳಿದಿತ್ತು. ಕಾರಣ ಸರಳ. ಬೋಟಿನ ಮೈನ್ ಸ್ವಿಚ್ ಆಫ್ ಮಾಡಿದರೂ ಈ ವೈರಿಗೆ ಬ್ಯಾಟರಿಯಿಂದ ಕರೆಂಟ್ ಇರಲೇಬೇಕು, ಇಲ್ಲದಿದ್ದರೆ ಬಂದರಿನಲ್ಲಿ ನಿಂತ ಬೋಟಿಗೆ ನೀರು ನುಗ್ಗಿದರೆ ಅಲಾರಂ ಹೊಡೆಯುವುದಿಲ್ಲ. ಅಂದರೆ ಉಪ್ಪು ತೇವದ ಮೂಲಕ ಪ್ಲಸ್‌ನಿಂದ ಮೈನಸ್‌ಗೆ ಹಗಲು ರಾತ್ರಿ ಸಣ್ಣ ಕರೆಂಟ್ ಜಿನುಗುತ್ತಲೇ ಇರುತ್ತದೆ. ಹಾಗೆ ಜಿನುಗುವಾಗ ಕರಗುವುದು ಪ್ಲಸ್ ಕಡೆಯ ಲೋಹ. ಬೋಟಿನಲ್ಲಿ ಯಾವ ಜೋಡಣೆ ಮೊದಲು ಸಾಯುತ್ತದೆ ಎಂದು ಕೇಳಿದರೆ ನಾನು ಹೇಳುವುದು ಇದನ್ನೇ: ಸದಾ ಕರೆಂಟ್ ಇರುವ ಪ್ಲಸ್ ವೈರಿನ ಜೋಡಣೆ. ಜಾಸ್ತಿ ಗಮನ ಬೇಕಾದದ್ದೂ ಅದಕ್ಕೇ.

ಲೈಟ್ ಉರಿಯುತ್ತದೆ, ಡೇಟಾ ಯಾಕೆ ನಿಲ್ಲುತ್ತದೆ

ಅದೇ ಸ್ಟ್ರಿಪ್‌ನಲ್ಲಿದ್ದ ಕ್ಯಾಬಿನ್ ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಮಾಲಕರಿಗೆ ಇದೇ ಆಶ್ಚರ್ಯ. ಒಂದೇ ಸ್ಟ್ರಿಪ್, ಒಂದೇ ಕಿಲುಬು, ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ.

ಲೈಟಿನ ವೈರಿನಲ್ಲಿ 24 ವೋಲ್ಟು ಇದೆ, ತಕ್ಕಮಟ್ಟಿಗೆ ಕರೆಂಟೂ ಇದೆ. ಜೋಡಣೆಯ ಮೇಲೆ ತೆಳು ಕಿಲುಬಿನ ಪೊರೆ ಬಂದರೆ ಅದನ್ನು ಸೀಳಿಕೊಂಡು ಹೋಗುವ ಶಕ್ತಿ ಅದಕ್ಕಿದೆ. ಒಂದೆರಡು ಓಮ್ ಜಾಸ್ತಿಯಾದರೂ ಲೈಟು ಸ್ವಲ್ಪ ಮಂಕಾದೀತು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಜಿಪಿಎಸ್ ಡೇಟಾ ಹಾಗಲ್ಲ. ಬೋಟಿನ ಉಪಕರಣಗಳು ಒಂದಕ್ಕೊಂದು ಮಾಹಿತಿ ಕಳಿಸುವ ಎನ್‌ಎಂಇಎ 0183 ಎಂಬ ಈ ಹಳೆಯ ಪದ್ಧತಿಯಲ್ಲಿ ಕೇಳಿಸಿಕೊಳ್ಳುವ ಸೆಟ್ ಎಳೆಯುವುದು 2 ಮಿಲಿ ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ. ವೋಲ್ಟೇಜೂ ಕೆಲವೇ ವೋಲ್ಟು. ಪೊರೆಯನ್ನು ಸೀಳುವ ತಾಕತ್ತು ಅದಕ್ಕಿಲ್ಲ. ಮೇಲಾಗಿ ಸೆಕೆಂಡಿಗೆ 4800 ಬಿಟ್‌ನಂತೆ ಒಂದರ ಹಿಂದೊಂದು ಬರುತ್ತಿರುವಾಗ ಒಂದು ಕ್ಷಣ ಕೈಕೊಟ್ಟರೂ ಆ ಸಾಲು ಪೂರ್ತಿ ಹಾಳು. ಸೆಟ್ ಅದನ್ನು ಎಸೆದುಬಿಡುತ್ತದೆ.

ತವರ ಲೇಪದ ಪಿನ್ನುಗಳಲ್ಲಿ ಇನ್ನೊಂದು ರೋಗ ಇದೆ. ಎಂಜಿನ್ ಕಂಪನಕ್ಕೆ ಪಿನ್ನು ಮತ್ತು ಅದರ ಗೂಡು ಕಣ್ಣಿಗೆ ಕಾಣದಷ್ಟು ಒಂದರ ಮೇಲೊಂದು ಉಜ್ಜುತ್ತವೆ. ಪ್ರತಿ ಉಜ್ಜಿಗೆ ಸ್ವಲ್ಪ ತವರ ಪುಡಿಯಾಗಿ ಕಿಲುಬಾಗುತ್ತದೆ. ಅದು ಹೊರಗೆ ಹೋಗಲು ಜಾಗವಿಲ್ಲದೆ ಅಲ್ಲೇ ಕೂರುತ್ತದೆ. ನೀರು ಒಂದು ಹನಿಯೂ ಒಳಗೆ ಹೋಗದ ಕನೆಕ್ಟರಿನಲ್ಲೂ ಇದು ಆಗುತ್ತದೆ. ಆದ್ದರಿಂದಲೇ ಡೇಟಾ ಹೋಗುವ ಒಳ್ಳೆಯ ಕನೆಕ್ಟರುಗಳ ಪಿನ್ನಿಗೆ ಚಿನ್ನದ ಲೇಪ ಇರುತ್ತದೆ. ಎರಡೂ ಕಡೆ ಚಿನ್ನವೇ ಇರಬೇಕು. ಒಂದು ಕಡೆ ಚಿನ್ನ, ಇನ್ನೊಂದು ಕಡೆ ತವರ ಹಾಕಿದರೆ ಲಾಭವಿಲ್ಲ, ನಷ್ಟವೇ ಜಾಸ್ತಿ.

ತಾಂಡೇಲರ ಬೇಡಿಕೆ, ಮಾಲಕರ ಪ್ಯಾಕೆಟ್

ಬೋಟು ನಡೆಸುವ ತಾಂಡೇಲರು ಬಂದು ಕೇಳಿದ್ದು ಒಂದೇ ಮಾತು. "ಅಣ್ಣ, ಎಲ್ಲದಕ್ಕೂ ಪ್ಲಗ್ ಹಾಕಿಬಿಡಿ. ಕಡಲಲ್ಲಿ ಲೈಟು ಹೋದರೆ ನಾನೇ ಬಿಚ್ಚಿ ಬೇರೆ ಹಾಕ್ಲಿಕ್ಕೆ ಆಗ್ಬೇಕು. ಅಲ್ಲಿ ನೀವು ಸಿಗುವುದಿಲ್ಲ."

ಇದು ನ್ಯಾಯವಾದ ಮಾತು. ದಿನಗಟ್ಟಲೆ ದಡ ಕಾಣದವರಿಗೆ ತಮ್ಮ ಕೈಯಲ್ಲೇ ರಿಪೇರಿ ಆಗಬೇಕು. ಆದರೆ ಪ್ರತಿ ಪ್ಲಗ್ಗೂ ಒಂದು ಹೊಸ ಬಾಗಿಲು. ಅದರಲ್ಲಿ ಪಿನ್ನು, ಗೂಡು, ಎರಡು ಕಡೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಪಂಚ್ ಮಾಡಿದ, ಅಂದರೆ ಟೂಲಿನಿಂದ ಒತ್ತಿ ಹಿಡಿಸಿದ ಜಾಗ, ಎರಡು ಕಡೆ ರಬ್ಬರ್ ಸೀಲ್ ಇರುತ್ತದೆ. ಕೆಡಲು ಅಷ್ಟು ಜಾಗಗಳು ಹೊಸದಾಗಿ ಹುಟ್ಟುತ್ತವೆ. ವರ್ಷಕ್ಕೊಮ್ಮೆಯೂ ಬಿಚ್ಚದ ಕಡೆ ಪ್ಲಗ್ ಹಾಕುವುದು ಸುಮ್ನೆ ತೊಂದರೆ ತಂದುಕೊಂಡಂತೆ. ಆದ್ದರಿಂದ ನಾನು ಅವರನ್ನೇ ಕೂರಿಸಿಕೊಂಡು ಕೇಳಿದೆ: ಯಾವುದನ್ನು ನಿಜವಾಗಿ ಕಡಲಲ್ಲಿ ಬಿಚ್ಚುತ್ತೀರಿ? ಯೋಚಿಸಿ ಹೇಳಿದ್ದು ಎರಡೇ. ಮಾಸ್ಟಿನ ಲೈಟು ಮತ್ತು ಡೆಕ್ಕಿನ ಮೇಲಿನ ಒಂದು ಎಲ್‌ಇಡಿ ಲೈಟು. ಜಿಪಿಎಸ್ ವೈರನ್ನಾಗಲಿ, ನೀರಿನ ಅಲಾರಂನ ವೈರನ್ನಾಗಲಿ ಯಾರೂ ಕಡಲಲ್ಲಿ ಮುಟ್ಟಿದ್ದಿಲ್ಲ.

ಮಾಲಕರು ಅಷ್ಟರಲ್ಲಿ ಆನ್‌ಲೈನ್‌ನಲ್ಲಿ ಒಂದು ಪ್ಯಾಕೆಟ್ ಕನೆಕ್ಟರ್ ತರಿಸಿದ್ದರು. ಉದ್ದುದ್ದ ಕಪ್ಪು ಪ್ಲಾಸ್ಟಿಕ್, ಎರಡೂ ತುದಿಯಲ್ಲಿ ತಿರುಗಿಸಿ ಬಿಗಿಮಾಡುವ ನಟ್, ಮೇಲೆ ಐಪಿ68 ಎಂದು ಅಚ್ಚು. ಬೆಲೆ ಕಡಿಮೆ. "ಇದೇ ಎಲ್ಲ ಕಡೆ ಹಾಕಬಹುದಲ್ವಾ?" ಎಂದರು.

ಧೂಳು, ನೀರು ಒಳಗೆ ಹೋಗದಂತೆ ಎಷ್ಟು ತಡೆಯುತ್ತದೆ ಎಂದು ಹೇಳುವ ಈ ಐಪಿ ನಂಬರ್ ಬಗ್ಗೆ ಒಂದು ಮಾತು. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಗೆ ಹೋಗಬಾರದು ಎಂದರ್ಥ. 68 ಅಂದರೆ ಅದಕ್ಕಿಂತ ಕಠಿಣ, ಎಷ್ಟು ಎಂದು ತಯಾರಕರು ಹೇಳಬೇಕು. ಈ ಪರೀಕ್ಷೆ ನಡೆಯುವುದು ಹೊಸ ಕನೆಕ್ಟರಿನ ಮೇಲೆ, ಸಿಹಿನೀರಿನಲ್ಲಿ, ಅಲ್ಲಾಡಿಸದೆ. ಉಪ್ಪು, ಬಿಸಿಲು, ಕಂಪನ ಇವುಗಳ ಬಗ್ಗೆ ಆ ನಂಬರ್ ಏನೂ ಹೇಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ತಕ್ಕ ದಪ್ಪದ ವೈರು ಹಾಕಿದ್ದಾಗ ಮಾತ್ರ ಆ ನಂಬರ್ ಸತ್ಯ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದು ಅನ್ನಿಸಿತು. ಒಂದು ಬಕೆಟ್ ಸಮುದ್ರದ ನೀರು ತರಿಸಿದೆ. ಪ್ಯಾಕೆಟ್‌ನ ಒಂದು ಕನೆಕ್ಟರಿಗೆ ಬೋಟಿನಲ್ಲಿದ್ದ ಹಾಗೆಯೇ ಎರಡು ಬಿಡಿ ವೈರು ತೂರಿಸಿ ನಟ್ ಬಿಗಿಮಾಡಿದೆ. ಇನ್ನೊಂದಕ್ಕೆ ದುಂಡನೆಯ ಒಂದೇ ಹೊರಕವಚ ಇರುವ ಎರಡು ಕೋರ್ ಕೇಬಲ್, ಅಂದರೆ ಒಳಗೆ ಎರಡು ವೈರು ಇರುವ ಕೇಬಲ್ ಹಾಕಿದೆ. ಎರಡಕ್ಕೂ 24 ವೋಲ್ಟು ಕೊಟ್ಟು ರಾತ್ರಿ ಮುಳುಗಿಸಿಟ್ಟೆವು. ಬೆಳಿಗ್ಗೆ ಬಿಚ್ಚಿದಾಗ ಬಿಡಿ ವೈರಿನದ್ದರ ಒಳಗೆ ನೀರು ತುಂಬಿ ಪ್ಲಸ್ ಕಡೆಯ ಪಿನ್ನು ಆಗಲೇ ಹಸಿರಾಗಿತ್ತು. ದುಂಡು ಕೇಬಲಿನದ್ದು ಒಣಗಿಯೇ ಇತ್ತು. ಕನೆಕ್ಟರಿನಲ್ಲಿ ತಪ್ಪಿರಲಿಲ್ಲ. ದುಂಡು ರಬ್ಬರು ದುಂಡು ಕೇಬಲನ್ನು ಮಾತ್ರ ಅಪ್ಪಿ ಹಿಡಿಯುತ್ತದೆ. ಎರಡು ಬಿಡಿ ವೈರು ಪಕ್ಕಪಕ್ಕ ನಿಂತರೆ ನಡುವೆ ಸಂದು ಉಳಿದೇ ಉಳಿಯುತ್ತದೆ, ಎಷ್ಟೇ ಬಿಗಿಮಾಡಿ.

ಇದಾದ ಮೇಲೆ ಮಾಲಕರು ಕನೆಕ್ಟರಿನ ಬೆಲೆ ಕೇಳುವ ಮೊದಲು ವೈರಿನ ಹೊರದಪ್ಪ ಕೇಳತೊಡಗಿದರು.

ಮಿಲಿಮೀಟರಿನ ಲೆಕ್ಕ

ತೆಳು ವೈರಿನ ವಿಷಯದಲ್ಲಿ ಎಲ್ಲ ಆಯ್ಕೆಯೂ ಇಲ್ಲೇ ನಿರ್ಧಾರವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜೆಸಿಬಿ, ಟ್ರಾಕ್ಟರಿನಂಥ ಯಂತ್ರಗಳಲ್ಲಿ ಬಳಸುವ ಡಾಯ್ಚ್ ಡಿಟಿ ಎಂಬ ಕನೆಕ್ಟರ್ ಬೋಟಿಗೂ ಚೆನ್ನಾಗಿ ಹೊಂದುತ್ತದೆ. ಪ್ರತಿ ವೈರಿಗೂ ಬೇರೆ ಬೇರೆ ತೂತು, ಪ್ರತಿ ತೂತಿಗೂ ರಬ್ಬರ್ ತುಟಿ. ಬಿಡಿ ವೈರಿಗೆಂದೇ ಮಾಡಿದ್ದು. ಒಂದು ಪಿನ್ನು 13 ಆಂಪಿಯರ್ ತಡೆಯುತ್ತದೆ. ಆದರೆ ಅದರ ರಬ್ಬರ್ ಸರಿಯಾಗಿ ಹಿಡಿಯಬೇಕಾದರೆ ವೈರಿನ ಹೊರದಪ್ಪ, ಅಂದರೆ ಪ್ಲಾಸ್ಟಿಕ್ ಕವಚವೂ ಸೇರಿ, ಸುಮಾರು 2.2 ಮಿಲಿಮೀಟರ್ ಆದರೂ ಇರಬೇಕು. ವಾಹನಗಳಲ್ಲಿ ಬರುವ ತೆಳು ಕವಚದ 0.5 ಚದರ ಮಿ.ಮೀ. ವೈರಿನ ಹೊರದಪ್ಪ 1.6 ಮಿಲಿಮೀಟರ್. ಹಾಕಿದರೆ ಹೋಗುತ್ತದೆ, ಕ್ಲಿಕ್ ಎಂದು ಕೂರುತ್ತದೆ, ನೋಡಲು ಅಚ್ಚುಕಟ್ಟು. ಆದರೆ ನೀರಿಗೆ ದಾರಿ ತೆರೆದೇ ಇರುತ್ತದೆ. ಇದೇ ಕಂಪನಿಯ ಚಿಕ್ಕ ತಮ್ಮ ಡಿಟಿಎಂ. 7.5 ಆಂಪಿಯರಿನದು, ರಬ್ಬರ್ 1.35ರಿಂದ 3.05 ಮಿಲಿಮೀಟರಿನವರೆಗೆ ಹಿಡಿಯುತ್ತದೆ. 0.5ರ ವೈರಿಗೆ ಇದು ಸರಿ. ಆಂಪಿಯರ್ ಮಾತ್ರ ನೋಡುವವರು "13 ದೊಡ್ಡದು, ಅದೇ ಇರಲಿ" ಎಂದು ಡಿಟಿ ತರುತ್ತಾರೆ. ತೆಳು ವೈರಿಗೆ ದೊಡ್ಡ ಕನೆಕ್ಟರೇ ಕೆಟ್ಟ ಕನೆಕ್ಟರ್ ಆಗುವುದು ಹೀಗೆ.

ಜಿಪಿಎಸ್‌ನ ತೆಳು ಕೋರ್ ಅಂತೂ 1.35ಕ್ಕೂ ಕಡಿಮೆ ಇತ್ತು. ಕೋರ್ ಕೋರ್ ಆಗಿ ಸೀಲ್ ಮಾಡುವ ಯಾವ ಕನೆಕ್ಟರೂ ಅದಕ್ಕೆ ನಂಬಿಕೆಯದ್ದಲ್ಲ. ಅಂಥ ಕಡೆ ಹೊರಕವಚವನ್ನೇ ಹಿಡಿಯುವ ಎಂ12 ಜಾತಿಯ (12 ಮಿ.ಮೀ. ಮರೆಯ) ಸ್ಕ್ರೂ ಕನೆಕ್ಟರ್ ಬೇಕು. 4ರಿಂದ 6 ಮಿಲಿಮೀಟರ್ ದಪ್ಪದ ದುಂಡು ಕೇಬಲನ್ನು ಅದು ಹಿಡಿಯುತ್ತದೆ, ಪಿನ್ನಿಗೆ ಚಿನ್ನದ ಲೇಪ ಇರುತ್ತದೆ. ಎನ್‌ಎಂಇಎ 2000 ಪದ್ಧತಿಯ ಹೊಸ ಉಪಕರಣಗಳಲ್ಲಿ ಬರುವ ಐದು ಪಿನ್ನಿನ ಕನೆಕ್ಟರೂ ಇದೇ ಕುಲದ್ದು. ಅಥವಾ ಜೋಡಣೆಯನ್ನೇ ಒಣ ಜಾಗಕ್ಕೆ ಕೊಂಡೊಯ್ಯಬೇಕು. ಈ ಬೋಟಿನಲ್ಲಿ ನಾನು ಆರಿಸಿದ್ದು ಎರಡನೆಯದು.

ಬಣ್ಣದ ಲಗ್ಗುಗಳಲ್ಲೂ ಇದೇ ಕಥೆ. ಕೆಂಪು ಬಣ್ಣದ್ದು 0.5ರಿಂದ 1.5, ನೀಲಿ 1.5ರಿಂದ 2.5, ಹಳದಿ 4ರಿಂದ 6 ಚದರ ಮಿ.ಮೀ. ವೈರಿಗೆ. 0.2ರ ವೈರನ್ನು ಕೆಂಪಿಗೆ ಹಾಕಿ ಎಷ್ಟು ಒತ್ತಿದರೂ ಅದು ಒಳಗೆ ಸಡಿಲವಾಗಿಯೇ ಇರುತ್ತದೆ. ಅದಕ್ಕಿಂತ ಸಣ್ಣ ಅಳತೆಯವು ಸಿಗುತ್ತವೆ, ಹುಡುಕಬೇಕು ಅಷ್ಟೇ.

ಜಾಗ ಜಾಗಕ್ಕೆ ಏನು ಹಾಕಿದೆವು

ಮಾಸ್ಟಿನ ಲೈಟಿನಿಂದ ಶುರು ಮಾಡಿದೆವು. ವೀಲ್‌ಹೌಸಿನ ಮಾಡಿನ ಮೇಲೆ, ಮಾಸ್ಟಿನ ಬುಡದಲ್ಲಿ, ವೈರು ತಿರುಚಿ ಟೇಪು ಸುತ್ತಿದ ಜೋಡಣೆ ಇತ್ತು. ಟೇಪಿನ ಅಂಟು ಬಿಸಿಲಿಗೆ ಕರಗಿ ಹೋಗಿತ್ತು. ಹೊಸ ಪ್ಲಗ್ ಹಾಕಲು ವೈರಿನ ತುದಿ ಸುಲಿದರೆ ಒಳಗೆ ಕಪ್ಪು. ಒಂದಿಷ್ಟು ಕತ್ತರಿಸಿ ಮತ್ತೆ ಸುಲಿದೆ, ಮತ್ತೂ ಕಪ್ಪು. ಎಳೆಎಳೆಯ ವೈರಿನಲ್ಲಿ ಉಪ್ಪುನೀರು ಒಳಗಿಂದೊಳಗೆ ಏರುತ್ತಾ ಹೋಗುತ್ತದೆ. ಮನೆಯ ವೈರಿಂಗಿಗೆ ಬರುವ ಬರೀ ತಾಮ್ರದ ವೈರಿನಲ್ಲಿ ಇದು ಬೇಗ ಆಗುತ್ತದೆ. ಒಳಗೇ ಸತ್ತ ವೈರಿಗೆ ಎಷ್ಟು ಒಳ್ಳೆಯ ಕನೆಕ್ಟರ್ ಹಾಕಿದರೂ ದುಡ್ಡು ದಂಡ. ಪೂರ್ತಿ ವೈರು ತೆಗೆದು, ಪ್ರತಿ ಎಳೆಗೂ ತವರ ಲೇಪ ಇರುವ ವೈರು ಹಾಕಿದೆವು.

ಎಷ್ಟು ದಪ್ಪ? ಲೆಕ್ಕ ಹಾಕಿದರೆ 0.5 ಚದರ ಮಿ.ಮೀ. ಧಾರಾಳ ಸಾಕು. ಎಲ್‌ಇಡಿ ಲೈಟು ಎಳೆಯುವುದು 0.2 ಆಂಪಿಯರ್. ಹೋಗಿ ಬರುವ ದಾರಿ ಸೇರಿ 24 ಮೀಟರ್ ವೈರು. 0.5ರ ತಾಮ್ರಕ್ಕೆ ಮೀಟರಿಗೆ 0.035 ಓಮ್, ಒಟ್ಟು 0.84 ಓಮ್. ನಷ್ಟವಾಗುವ ವೋಲ್ಟೇಜ್ 0.17. 24 ವೋಲ್ಟಿಗೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ನಾನು ಸುಮಾರು 1.3 ಚದರ ಮಿ.ಮೀ.ನ ವೈರು ಹಾಕಿಸಿದೆ. ಮಾಸ್ಟಿನ ಮೇಲೆ ಗಾಳಿ ವೈರನ್ನು ಬಡಿಯುತ್ತದೆ, ಬಲೆಯ ಹಗ್ಗ ಸಿಕ್ಕುತ್ತದೆ, ಯಾರೋ ಹತ್ತುವಾಗ ಅದನ್ನೇ ಹಿಡಿಯುತ್ತಾರೆ. ಅಮೆರಿಕದ ಎಬಿವೈಸಿ ಸಂಸ್ಥೆಯ ಬೋಟ್ ವೈರಿಂಗ್ ನಿಯಮದಲ್ಲೂ ಸಾಮಾನ್ಯ ವೈರಿಗೆ ಕನಿಷ್ಠ 16 ಗೇಜ್, ಅಂದರೆ ಇದೇ ದಪ್ಪ. ನಮ್ಮ ಮೀನುಗಾರಿಕೆ ಬೋಟಿಗೆ ಆ ನಿಯಮ ಕಡ್ಡಾಯವಲ್ಲ, ಆದರೆ ಅದರ ಹಿಂದಿನ ಬುದ್ಧಿ ಸರಿಯಾಗಿದೆ. ದಪ್ಪ ಬೇಕಾದ್ದು ಕರೆಂಟಿಗಲ್ಲ, ಗಟ್ಟಿತನಕ್ಕೆ.

ಈ ವೈರಿನ ಹೊರದಪ್ಪ ವರ್ನಿಯರ್‌ನಲ್ಲಿ 2.6 ಮಿಲಿಮೀಟರ್ ಬಂತು. ಹಾಗಾಗಿ ಮಾಸ್ಟಿನ ಬುಡಕ್ಕೆ ಎರಡು ಪಿನ್ನಿನ ಡಿಟಿ ಸರಿಹೋಯಿತು. ಬಾಯಿ ಕೆಳಮುಖ, ವೈರು ಒಂದು ಕೊಕ್ಕೆಯಂತೆ ಕೆಳಗಿಳಿದು ಮತ್ತೆ ಮೇಲೇರುವ ಹಾಗೆ, ನೀರು ಇಳಿದು ಅಲ್ಲೇ ತೊಟ್ಟಿಕ್ಕಬೇಕು. ಡೆಕ್ಕಿನ ಲೈಟಿಗೂ ಅದೇ ಜಾತಿ, ಅದೇ ಪಿನ್ ಕ್ರಮ. ತಾಂಡೇಲರಿಗೆ ಒಂದು ಹೆಚ್ಚಿನ ಲೈಟನ್ನು ಪ್ಲಗ್ ಸಮೇತ ತಯಾರು ಮಾಡಿ ಡಬ್ಬದಲ್ಲಿ ಕೊಟ್ಟೆವು. ಕಡಲಲ್ಲಿ ಯಾರೂ ವೈರು ಸುಲಿಯಬೇಕಾಗಿಲ್ಲ, ಹಳೆಯದನ್ನು ಎಳೆದು ಹೊಸದನ್ನು ಒತ್ತಿದರೆ ಆಯಿತು. ಅವರಿಗೆ ಬೇಕಿದ್ದದ್ದು ಇದೇ.

ಜಿಪಿಎಸ್ ಆಂಟೆನಾದ ಕೇಬಲ್ ಬಗ್ಗೆ ಹೇಳಬೇಕಾದ್ದು ಒಂದೇ: ಅದನ್ನು ಕತ್ತರಿಸಲಿಲ್ಲ. ಕಾರ್ಖಾನೆಯಿಂದ ಬಂದ ಪ್ಲಗ್ ಹಾಯುವಷ್ಟು ಮಾಡಿನ ತೂತನ್ನು ದೊಡ್ಡದು ಮಾಡಿ, ಆಮೇಲೆ ಸೀಲ್ ಮಾಡಿದೆವು. ಹೆಚ್ಚಾದ ಕೇಬಲನ್ನು ದೊಡ್ಡ ಸುರುಳಿ ಸುತ್ತಿ ಒಳಗೆ ಕಟ್ಟಿದೆವು.

ಇನ್ನು ಎಲ್ಲಕ್ಕೂ ಮೂಲವಾದ ಆ ಎರಡು ಡೇಟಾ ವೈರು. ಜಿಪಿಎಸ್ಸೂ ವೈರ್‌ಲೆಸ್ಸೂ ಎರಡೂ ವೀಲ್‌ಹೌಸ್ ಒಳಗೇ ಇವೆ. ಅಂದಮೇಲೆ ಜೋಡಣೆ ಕಿಟಕಿಯ ಕೆಳಗೆ ಇರಬೇಕಾದ ಕಾರಣವೇ ಇಲ್ಲ. ಹಿಂಬದಿಯ ಗೋಡೆಯ ಮೇಲೆ, ತಲೆಯ ಮಟ್ಟದಲ್ಲಿ, ಮುಚ್ಚಳಕ್ಕೆ ರಬ್ಬರ್ ಇರುವ ಒಂದು ಪಾಲಿಕಾರ್ಬೊನೇಟ್ ಡಬ್ಬ ಕೂರಿಸಿದೆವು. ಕೇಬಲುಗಳೆಲ್ಲ ಡಬ್ಬದ ಕೆಳಗಿನಿಂದ ಗ್ಲ್ಯಾಂಡ್ (ಕೇಬಲಿನ ಸುತ್ತ ಬಿಗಿಯಾಗುವ ರಬ್ಬರ್ ಇರುವ ನಟ್) ಮೂಲಕ ಒಳಗೆ. ಒಳಗೆ ಸ್ಕ್ರೂ ಇಲ್ಲದ, ಸ್ಪ್ರಿಂಗ್ ಹಿಡಿತದ ಟರ್ಮಿನಲ್. ವೈರಿನ ತುದಿಗೆ ಅಳತೆಗೆ ತಕ್ಕ ಪಿನ್ ಲಗ್ ಹಾಕಿ ಪಂಚ್ ಮಾಡಿ ಒತ್ತಿದ್ದು. ಸ್ಪ್ರಿಂಗ್ ಯಾವಾಗಲೂ ಒಂದೇ ಬಲದಲ್ಲಿ ಒತ್ತುತ್ತದೆ, ಕಂಪನಕ್ಕೆ ಸಡಿಲವಾಗುವುದಿಲ್ಲ, ಎಳೆಯನ್ನು ಕಡಿಯುವುದೂ ಇಲ್ಲ. ಹಿಡಿತ ಗಟ್ಟಿಯಿದ್ದರೆ ಉಜ್ಜಾಟವೂ ಇಲ್ಲ. 24 ವೋಲ್ಟಿನ ವೈರುಗಳನ್ನು ಈ ಡಬ್ಬಕ್ಕೆ ಸೇರಿಸಲಿಲ್ಲ. ಅವಕ್ಕೆ ಬೇರೆ ಡಬ್ಬ.

ಯಾಕೆ ಇಲ್ಲಿ ದುಬಾರಿ ಎಂ12 ಹಾಕಲಿಲ್ಲ ಎಂದು ಮಾಲಕರು ಕೇಳಿದರು. ಒಣ ಜಾಗ ಸಿಗುವಾಗ ನೀರಿನ ಜೊತೆ ಕುಸ್ತಿ ಯಾಕೆ?

ನೀರು ಏರಿದಾಗ ತೇಲಿ ಅಲಾರಂ ಹೊಡೆಸುವ ತಳದ ಫ್ಲೋಟ್ ಸ್ವಿಚ್ಚಿನದು ಬೇರೆ ಲೆಕ್ಕ. ಅಲ್ಲಿ ಒಣ ಜಾಗವೇ ಇಲ್ಲ. ಬಿಚ್ಚುವ ಪ್ಲಗ್ ಕೂಡ ಬೇಡ. ಅಲ್ಲಿಗೆ ಹಾಕಿದ್ದು ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಜೋಡಣೆ. ಮಧ್ಯೆ ಲೋಹದ ಕೊಳವೆ, ಎರಡೂ ಕಡೆಯಿಂದ ವೈರು ತೂರಿಸಿ ಪಂಚ್ ಮಾಡಿ ಬಿಸಿ ಮಾಡಿದರೆ ಸ್ಲೀವ್ ಕುಗ್ಗಿ ವೈರನ್ನು ಅಪ್ಪುತ್ತದೆ, ಒಳಗಿನ ಅಂಟು ಕರಗಿ ತುದಿಯಲ್ಲಿ ಸುತ್ತಲೂ ಹೊರಬರುತ್ತದೆ. ಆ ಅಂಟಿನ ಉಂಗುರ ಕಾಣದಿದ್ದರೆ ಜೋಡಣೆ ಆಗಿಲ್ಲ ಎಂದೇ ತಿಳಿಯಬೇಕು. ಅದರ ಮೇಲೆ ಇನ್ನೊಂದು ಅಂಟಿನ ಸ್ಲೀವ್. ಎರಡು ಜೋಡಣೆಗಳನ್ನು ಹಿಂದೆ ಮುಂದೆ ಇಟ್ಟೆವು, ಒಂದರ ಪಕ್ಕ ಒಂದು ಬರಬಾರದು. ಸ್ವಿಚ್ಚಿನ ವೈರು ಎಷ್ಟು ಎತ್ತರಕ್ಕೆ ಮುಟ್ಟುತ್ತದೋ ಅಷ್ಟು ಎತ್ತರದಲ್ಲಿ ಜೋಡಣೆ, ಬ್ಯಾಟರಿಯ ಬಳಿ ಫ್ಯೂಸ್. ಬಿಸಿ ಮಾಡಲು ಹೀಟ್ ಗನ್ನೇ ಬೇಕು. ಲೈಟರ್ ಹಿಡಿದರೆ ಒಂದು ಬದಿ ಸುಟ್ಟು ಇನ್ನೊಂದು ಬದಿಯ ಅಂಟು ಕರಗುವುದೇ ಇಲ್ಲ. ಮೇಲಾಗಿ ಬೋಟಿನ ಹೊಟ್ಟೆಯೊಳಗೆ, ಡೀಸೆಲ್ ಇರುವ ಕಡೆ ಬೆಂಕಿ ಹಿಡಿದು ಕೂರುವುದು ಯಾರಿಗೂ ಒಳ್ಳೆಯದಲ್ಲ.

ಎಂಜಿನ್ನಿನ ಆಯಿಲ್ ಪ್ರೆಶರ್, ಬಿಸಿಯ ಸೆನ್ಸರುಗಳಿಗೆ ರಿಂಗ್ ಲಗ್ ಸಾಕಾಯಿತು. ಅಲ್ಲಿ ಕೆಡುವುದು ಲಗ್ಗಲ್ಲ, ನೇತಾಡುವ ವೈರು. ಪ್ರತಿ 45 ಸೆಂಟಿಮೀಟರಿಗೆ ಒಂದು ಕ್ಲಿಪ್ ಹಾಕಿ, ಲಗ್ಗಿನ ಬಳಿ ಸ್ವಲ್ಪ ಸಡಿಲ ಬಿಟ್ಟೆವು.

ಪಂಚ್ ಮಾಡುವ ಕೈ

ಕನೆಕ್ಟರ್ ಆರಿಸಿದ್ದು ಅರ್ಧ ಕೆಲಸ. ಪಂಚ್ ಸರಿ ಬರದಿದ್ದರೆ ಆರಿಸಿದ್ದೆಲ್ಲ ವ್ಯರ್ಥ. 0.5ರ ಒಂದು ಸಾಮಾನ್ಯ ವೈರಿನಲ್ಲಿ 0.2 ಮಿ.ಮೀ. ದಪ್ಪದ 16 ಎಳೆ ಇರುತ್ತದೆ. ಬ್ಲೇಡಿನಿಂದ ಸುಲಿಯುವಾಗ ನಾಲ್ಕು ಎಳೆ ಕಡಿದರೆ ಕಾಲು ಭಾಗ ವೈರು ಹೋಯಿತು. ದಪ್ಪ ವೈರಿನಲ್ಲಿ ಗಮನಕ್ಕೇ ಬಾರದ ತಪ್ಪು ತೆಳು ವೈರಿನಲ್ಲಿ ದೊಡ್ಡದು. ಅದಕ್ಕೇ ಅಳತೆಯ ತೂತಿರುವ ಸ್ಟ್ರಿಪ್ಪರ್ ಬೇಕೇ ಬೇಕು. ಪಂಚ್ ಮಾಡಲು ಕಟಿಂಗ್ ಪ್ಲೇಯರ್ ಬೇಡ. ಪೂರ್ತಿ ಒತ್ತುವ ತನಕ ಬಾಯಿ ಬಿಡದ ರ‍್ಯಾಚೆಟ್ ಟೂಲ್ ಬೇಕು. ಡಿಟಿಯ ಗಟ್ಟಿ ಪಿನ್ನಿಗೆ ನಾಲ್ಕು ಕಡೆಯಿಂದ ಒತ್ತುವ ಬೇರೆಯೇ ಟೂಲ್ ಇದೆ, ಅದು ದುಬಾರಿ. ಒಂದು ಬೋಟಿಗಾಗಿ ತರುವುದು ಕಷ್ಟ. ನಾಲ್ಕಾರು ಬೋಟಿನವರು ಸೇರಿ ತಂದರೆ ವರ್ಷಗಟ್ಟಲೆ ಬರುತ್ತದೆ.

ಮಾಡಿದ ಪಂಚ್ ನಿಲ್ಲುತ್ತದೋ ಇಲ್ಲವೋ ನೋಡಲು ಬಂದರಿನಲ್ಲಿ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು. ಮಾದರಿಗೆ ಒಂದು ಲಗ್ ಪಂಚ್ ಮಾಡಿ ತಕ್ಕಡಿಗೆ ಸಿಕ್ಕಿಸಿ ಎಳೆಯುವುದು. ಎಬಿವೈಸಿ ಲೆಕ್ಕದಲ್ಲಿ 0.8 ಚದರ ಮಿ.ಮೀ. ವೈರಿನ ಜೋಡಣೆ 44 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ತಡೆಯಬೇಕು. 1.3ರದ್ದು 66 ನ್ಯೂಟನ್, ಹತ್ತಿರ ಹತ್ತಿರ ಏಳು ಕಿಲೋ. ಪ್ರತಿ ಹೊಸ ಪ್ಯಾಕೆಟ್ ತೆರೆದಾಗ ಒಂದನ್ನು ಹೀಗೆ ಎಳೆದು ನೋಡಿದೆವು. ಅಗ್ಗದ ಒಂದು ಪ್ಯಾಕೆಟ್ಟಿನ ಲಗ್ಗಿನಿಂದ ವೈರು ಮೂರು ಕಿಲೋಗೇ ಜಾರಿ ಬಂತು. ಲೋಹ ತೆಳುವಾಗಿತ್ತು. ಆ ಪ್ಯಾಕೆಟ್ ಬೋಟಿಗೆ ಹೋಗಲಿಲ್ಲ.

ಬೆಸುಗೆ ಯಾಕೆ ಹಾಕಬಾರದು ಎಂದು ಬೋಟಿನ ಕೆಲಸದ ಕಲಾಸಿಯೊಬ್ಬ ಕೇಳಿದ. ಬೆಸುಗೆ ಕೆಟ್ಟದ್ದಲ್ಲ. ಆದರೆ ಸೀಸ ವೈರಿನೊಳಗೆ ಸ್ವಲ್ಪ ದೂರ ಹೀರಿಕೊಂಡು ಹೋಗಿ ಆ ಭಾಗವನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ. ಬಿರುಸು ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲೇ ಕಂಪನಕ್ಕೆ ತುಂಡಾಗುತ್ತದೆ. ಬರೀ ಬೆಸುಗೆಯ ಮೇಲೆ ಭಾರ ಹಾಕಬಾರದು, ಅಷ್ಟೇ. ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಜೋಡಣೆಯ ಮೇಲೆ ಸಿಲಿಕೋನ್ ಬಳಿಯುವ ಅಭ್ಯಾಸ. ಹುಳಿ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ. ನೀರು ಬಾರದಿರಲಿ ಎಂದು ಬಳಿದದ್ದೇ ತಾಮ್ರವನ್ನು ತಿನ್ನುತ್ತದೆ.

ಆಗಸ್ಟಿನ ನಂತರ

ನಿಷೇಧ ಮುಗಿದು ಬೋಟು ಹೊರಟಿತು. ವೈರ್‌ಲೆಸ್ಸಿನ ಬೀಪ್ ನಿಂತಿದೆ. ಪರದೆಯ ಮೇಲೆ ಅಕ್ಷಾಂಶ ರೇಖಾಂಶ ಯಾವಾಗಲೂ ಇರುತ್ತದೆ. ಹೊರಡುವ ಮುಂಚೆ ಅದನ್ನೊಮ್ಮೆ ನೋಡುವುದನ್ನು ತಾಂಡೇಲರು ರೂಢಿ ಮಾಡಿಕೊಂಡಿದ್ದಾರೆ. ಡೆಕ್ಕಿನ ಲೈಟು ಒಮ್ಮೆ ಬಲೆಯ ಹೊಡೆತಕ್ಕೆ ಒಡೆದಾಗ ಡಬ್ಬದಲ್ಲಿದ್ದ ಇನ್ನೊಂದನ್ನು ರಾತ್ರಿಯೇ ತಾವೇ ಬದಲಿಸಿದರು.

ಮುಂದಿನ ಮಳೆಗಾಲದಲ್ಲಿ ಎಲ್ಲವನ್ನೂ ಬಿಚ್ಚಿ ನೋಡಿದೆವು. ಮಾಸ್ಟಿನ ಬುಡದ ಡಿಟಿ ಒಳಗೆ ಒಣಗಿತ್ತು, ಪಿನ್ನು ಹೊಳೆಯುತ್ತಿತ್ತು. ಡೇಟಾ ಡಬ್ಬದೊಳಗೆ ಸ್ವಲ್ಪ ತೇವ ಕಂಡಿತು. ಯಾರೋ ಹೆಚ್ಚಿನ ಒಂದು ವೈರು ತರಲು ಗ್ಲ್ಯಾಂಡ್ ಒಂದನ್ನು ತೆಗೆದು ತೂತನ್ನು ಹಾಗೇ ಬಿಟ್ಟಿದ್ದರು. ಅಲ್ಲಿಗೆ ಬಿರಡೆ ಹಾಕಿದೆವು. ಡಿಟಿ ಜಾತಿಯ ಕನೆಕ್ಟರಿನಲ್ಲೂ ವೈರು ಇಲ್ಲದ ತೂತು ಇದ್ದರೆ ಅದಕ್ಕೆಂದೇ ಬರುವ ಪ್ಲಾಸ್ಟಿಕ್ ಕಡ್ಡಿ ತೂರಿಸಬೇಕು, ಇಲ್ಲದಿದ್ದರೆ ಉಳಿದ ಸೀಲ್‌ಗಳಿಗೆ ಬೆಲೆ ಇಲ್ಲ.

ತಳದಲ್ಲಿ ಫ್ಲೋಟ್ ಸ್ವಿಚ್ಚೇ ಕೆಟ್ಟಿತ್ತು, ಜೋಡಣೆ ಸರಿ ಇತ್ತು. ಹೊಸ ಸ್ವಿಚ್ ಹಾಕಲು ಹಳೆಯ ಜೋಡಣೆ ಕತ್ತರಿಸಲೇಬೇಕು, ಪ್ರತಿ ಸಲ ಒಂದಿಷ್ಟು ವೈರು ಗಿಡ್ಡವಾಗುತ್ತದೆ. ಮೇಲಿನ ಕ್ಲಿಪ್ಪಿನ ಹತ್ತಿರ ಒಂದು ಸುತ್ತು ಹೆಚ್ಚಿನ ವೈರು ಮೊದಲೇ ಬಿಟ್ಟಿದ್ದರಿಂದ ತೊಂದರೆ ಆಗಲಿಲ್ಲ. ಇನ್ನೂ ಮೂರು ನಾಲ್ಕು ಸ್ವಿಚ್ ಬದಲಿಸುವಷ್ಟು ವೈರು ಅಲ್ಲಿದೆ.